ಸೌಂದರ್ಯ ಪ್ರಸಾಧನ: ಕೈಕೆಲಸದಿಂದ ವೃತ್ತಿಯವರೆಗೆ

ಮುಂಬಯಿಯ ಅಂಧೇರಿ ರೈಲು ನಿಲ್ದಾಣದಿಂದ ಪೂರ್ವಕ್ಕೆ ನಡೆದರೂ ಪಶ್ಚಿಮಕ್ಕೆ ನಡೆದರೂ ಸ್ವಲ್ಪ ದೂರದಲ್ಲಿಯೇ ಬ್ಯೂಟಿ ಪಾರ್ಲರಿನ ಫಲಕವೊಂದು ಕಣ್ಣಿಗೆ ಬೀಳುತ್ತದೆ. ಈ ಉಪನಗರಕ್ಕೂ ಪ್ರಸಾಧನ ಕಲೆಗೂ ಇರುವ ನಂಟು ಹಳೆಯದು. ಮೋಹನ್, ನಟರಾಜ್, ಫಿಲ್ಮಾಲಯ ಮುಂತಾದ ಚಲನಚಿತ್ರ ಸ್ಟುಡಿಯೋಗಳು ಇಲ್ಲಿ ನೆಲೆಗೊಂಡಿದ್ದ ಕಾಲದಿಂದಲೂ ಬಣ್ಣ ಹಚ್ಚುವವರಿಗೆ ಮತ್ತು ಕೇಶವಿನ್ಯಾಸ ಮಾಡುವವರಿಗೆ ಇಲ್ಲಿ ಕೆಲಸವಿದ್ದಿತು. ಕನ್ನಡ, ತುಳು ಮಾತನಾಡುವ ಕುಟುಂಬಗಳೂ ಈ ಭಾಗದಲ್ಲಿ ತಲೆಮಾರುಗಳಿಂದ ವಾಸವಾಗಿವೆ.

ಆದರೆ ಬಹುಕಾಲದವರೆಗೆ ಮುಂಬಯಿಯ ಚಿತ್ರರಂಗದಲ್ಲಿ ಮುಖಕ್ಕೆ ಬಣ್ಣ ಹಚ್ಚುವ ಹಕ್ಕು ಪುರುಷರಿಗೆ ಮಾತ್ರ ಇತ್ತು. ಅಲ್ಲಿನ ಪ್ರಸಾಧನಕಾರರ ಸಂಘದ ನಿಯಮಗಳಂತೆ ಮಹಿಳೆಗೆ ಕೇಶವಿನ್ಯಾಸಕಿಯ ಗುರುತುಪತ್ರ ದೊರೆಯಬಹುದಾಗಿತ್ತೇ ಹೊರತು ಪ್ರಸಾಧನ ಕಲಾವಿದೆಯ ಗುರುತುಪತ್ರ ದೊರೆಯುತ್ತಿರಲಿಲ್ಲ. ಮಹಾರಾಷ್ಟ್ರದಲ್ಲಿ 5 ವರ್ಷ ವಾಸವಾಗಿರಬೇಕೆಂಬ ಷರತ್ತೂ ಇತ್ತು. ವಿದೇಶದಲ್ಲಿ ತರಬೇತಿ ಪಡೆದು ಬಂದಿದ್ದ ಚಾರು ಖುರಾನಾ ಮತ್ತು ಇತರರು ಇದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2014ರ ನವೆಂಬರ್ 10ರಂದು ನ್ಯಾಯಮೂರ್ತಿಗಳಾದ ದೀಪಕ್ ಮಿಶ್ರಾ ಮತ್ತು ಉದಯ್ ಲಲಿತ್ ಅವರಿದ್ದ ಪೀಠವು ಆ ನಿಯಮಗಳನ್ನು ಸಂವಿಧಾನ ಬಾಹಿರವೆಂದು ರದ್ದುಪಡಿಸಿತು. ದುಡಿದು ಬದುಕುವ ಹಕ್ಕನ್ನು ಲಿಂಗದ ಕಾರಣದಿಂದ ಕಸಿದುಕೊಳ್ಳಲಾಗದು ಎಂಬುದು ತೀರ್ಪಿನ ಸಾರ. ಅಂದರೆ ಕೆಲಸಕ್ಕೆ ಅರ್ಹತೆ ಕೌಶಲವೇ ಹೊರತು ಹೆಣ್ಣೋ ಗಂಡೋ ಎಂಬುದಲ್ಲ.

ಹಾಗಾದರೆ ಕೌಶಲವೆಂದರೇನು? ಹುಬ್ಬನ್ನು ಅಂದವಾಗಿ ತಿದ್ದುವುದು, ಕೂದಲನ್ನು ಒಪ್ಪವಾಗಿ ಕತ್ತರಿಸುವುದು ಅದರ ಒಂದು ಭಾಗವಷ್ಟೆ. ಕನ್ನಡ ನಾಡಿನಲ್ಲಿ ಕ್ಷೌರಿಕ ವೃತ್ತಿಯವರು ಹನ್ನೆರಡನೆಯ ಶತಮಾನದ ಶರಣ ಹಡಪದ ಅಪ್ಪಣ್ಣನನ್ನು ತಮ್ಮ ಹಿರಿಯನೆಂದು ಗೌರವಿಸುತ್ತಾರೆ. ಹಳ್ಳಿಗಳಲ್ಲಿ ಅವರ ಪೈಕಿ ಹಲವರು ನಾಟಿ ವೈದ್ಯವನ್ನೂ ಬಲ್ಲವರಾಗಿದ್ದರು. ಇನ್ನೊಬ್ಬರ ದೇಹವನ್ನು ಮುಟ್ಟುವ ಕೆಲಸಕ್ಕೆ ಆ ದೇಹದ ಬಗೆಗಿನ ಅರಿವೂ ಬೇಕೆಂಬುದು ಈ ವೃತ್ತಿಗೆ ಹೊಸದಲ್ಲ.

ಮೊದಲನೆಯದಾಗಿ ಉಪಕರಣಗಳ ವಿಚಾರ. ಯಕೃತ್ತಿಗೆ ಹಾನಿಮಾಡುವ ಹೆಪಟೈಟಿಸ್ ಬಿ ರೋಗಾಣುವು ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲಿಯೂ, ಕನಿಷ್ಠ 7 ದಿನ ಜೀವಂತವಾಗಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತವೇ ಸೋಂಕಿಗೆ ಸಾಕು. ಆದುದರಿಂದ ಬ್ಲೇಡನ್ನು ಒಬ್ಬರಿಗೆ ಒಮ್ಮೆ ಮಾತ್ರ ಬಳಸಿ ಎಸೆಯತಕ್ಕದ್ದು. ಉಗುರು ಕತ್ತರಿ, ಚಿಮುಟ ಮುಂತಾದ ಲೋಹದ ಉಪಕರಣಗಳನ್ನು ಮೊದಲು ಸಾಬೂನು ನೀರಿನಲ್ಲಿ ಉಜ್ಜಿ ತೊಳೆಯಬೇಕು. ಆಮೇಲೆಯೇ ಕುದಿಸಬೇಕು ಅಥವಾ ಸೋಂಕುನಾಶಕ ದ್ರಾವಣದಲ್ಲಿ ನೆನೆಸಬೇಕು. ಕೊಳೆ ಅಂಟಿದ ಉಪಕರಣವನ್ನು ನೇರವಾಗಿ ದ್ರಾವಣದಲ್ಲಿ ಮುಳುಗಿಸಿದರೆ ಔಷಧಿಯು ಕೊಳೆಯ ಅಡಿಗೆ ತಲುಪುವುದಿಲ್ಲ. ನೀಲಿ ದೀಪ ಉರಿಯುವ ಗಾಜಿನ ಪೆಟ್ಟಿಗೆಯನ್ನು ಅನೇಕ ಪಾರ್ಲರುಗಳಲ್ಲಿ ಹೆಮ್ಮೆಯಿಂದ ತೋರಿಸುತ್ತಾರೆ. ಶುಚಿಗೊಳಿಸಿದ ಉಪಕರಣವನ್ನು ಇಡಲು ಅದು ಸರಿ. ಶುಚಿಗೊಳಿಸಲು ಅದನ್ನೇ ನೆಚ್ಚುವಂತಿಲ್ಲ. ಕೆಲಸ ಮಾಡುವವರು ತಾವೂ ಹೆಪಟೈಟಿಸ್ ಬಿ ಲಸಿಕೆಯನ್ನು ಪಡೆದಿರುವುದು ಒಳ್ಳೆಯದು.

ಥ್ರೆಡ್ಡಿಂಗ್ ಮಾಡುವಾಗ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ರೂಢಿ ಎಲ್ಲೆಡೆಯೂ ಇದೆ. ಕೈಗೆ ಅನುಕೂಲವಾದರೂ ಇದರಿಂದ ಎಂಜಲು ಎದುರಿನವರ ಚರ್ಮವನ್ನು ಸೇರುತ್ತದೆ. ದಾರವನ್ನು ಕೊರಳಿಗೆ ಸುತ್ತಿಕೊಂಡೂ ಇದೇ ಕೆಲಸವನ್ನು ಮಾಡಬಹುದು. ಕೆಲವು ದಿನಗಳ ಅಭ್ಯಾಸ ಸಾಕು. ಒಬ್ಬರಿಗೆ ಬಳಸಿದ ದಾರವನ್ನು ಮತ್ತೊಬ್ಬರಿಗೆ ಬಳಸಿದಾಗ ನರಹುಲಿಯಂಥ ಸೋಂಕು ಹರಡುತ್ತದೆ. ವ್ಯಾಕ್ಸ್ ಪಾತ್ರೆಗೆ ಅದೇ ಕಡ್ಡಿಯನ್ನು ಪುನಃ ಅದ್ದುವುದೂ ಇಷ್ಟೇ ಅಪಾಯಕರ.

2020ರ ಜೂನ್ 28ರಿಂದ ಮಹಾರಾಷ್ಟ್ರ ಸರ್ಕಾರವು ಕೊರೊನಾ ನಿರ್ಬಂಧಗಳ ನಡುವೆ ಸೆಲೂನುಗಳನ್ನು ತೆರೆಯಲು ಅನುಮತಿ ನೀಡಿದಾಗ ಕೈಗವಸು, ಏಪ್ರನ್, ಮಾಸ್ಕ್, ಒಮ್ಮೆ ಬಳಸಿ ಬಿಸಾಡುವ ಟವೆಲುಗಳನ್ನು ಕಡ್ಡಾಯಗೊಳಿಸಿತ್ತು. ಪ್ರತಿ ಗ್ರಾಹಕರ ನಂತರ ಕುರ್ಚಿಯನ್ನು ಒರೆಸಬೇಕಿತ್ತು. ರೋಗದ ಭಯ ಇಳಿದ ಮೇಲೆ ಈ ಅಭ್ಯಾಸಗಳೂ ಅನೇಕ ಕಡೆ ಸಡಿಲವಾದುದು ವಿಷಾದದ ಸಂಗತಿ. ಹೆಪಟೈಟಿಸ್ ಕೊರೊನಾಕ್ಕಿಂತ ಮೊದಲೂ ಇತ್ತು, ಈಗಲೂ ಇದೆ.

ಕೂದಲಿಗೆ ಬಣ್ಣ ಹಾಕುವುದು ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವ ಕೆಲಸ. ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿರುವ ಪ್ಯಾರಾ ಫಿನೈಲಿನ್ ಡೈಯಮೀನ್ ಎಂಬ ರಾಸಾಯನಿಕವು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಮುಖ ಊದಿಕೊಂಡು ಕಣ್ಣು ಮುಚ್ಚಿಹೋಗುವಷ್ಟು ಉರಿಯೂತ ಉಂಟಾಗಬಹುದು. ಇಂಥ ಬಣ್ಣದ ಪೊಟ್ಟಣದ ಮೇಲೆ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ಕಾನೂನು ವಿಧಿಸುತ್ತದೆ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ಒಣಗಲು ಬಿಟ್ಟು, 24 ಗಂಟೆಗಳ ನಂತರ ತೊಳೆದು ನೋಡಬೇಕು. ತುರಿಕೆ, ಕೆಂಪು ಕಾಣಿಸದಿದ್ದರೆ ಮಾತ್ರ ಬಳಸಬೇಕು. ಪ್ರತಿ ಸಲವೂ ಹೀಗೆ ಪರೀಕ್ಷಿಸಬೇಕು. ಹುಬ್ಬಿಗೆ, ರೆಪ್ಪೆಗೆ ಇದನ್ನು ಹಚ್ಚುವಂತೆಯೇ ಇಲ್ಲ, ದೃಷ್ಟಿ ಹೋಗುವ ಅಪಾಯವಿದೆ. ಅಕ್ಷರ ಸಣ್ಣದೆಂದು ಇದನ್ನು ಓದುವವರು ವಿರಳ.

ಇಲ್ಲಿಯೇ ವೃತ್ತಿಯವರ ನಿಜವಾದ ಪರೀಕ್ಷೆ. ನಾಳೆ ಬೆಳಿಗ್ಗೆ ಮಗಳ ಮದುವೆ, ಈಗಲೇ ಬಣ್ಣ ಹಾಕಿ ಎಂದು ತಾಯಿಯೊಬ್ಬರು ಸಂಜೆ ಏಳಕ್ಕೆ ಬಂದು ಕುಳಿತರೆ ಏನು ಮಾಡಬೇಕು? ಹಣ ಎದುರಿಗಿದೆ, ಪಕ್ಕದ ಅಂಗಡಿಯಲ್ಲಿ ಕೇಳದೆಯೇ ಹಾಕಿಬಿಡುತ್ತಾರೆ. ಪರೀಕ್ಷೆಗೆ ಸಮಯವಿಲ್ಲದಿರುವಾಗ “ಅಮ್ಮ, ಇವತ್ತು ಬೇಡ, ನಾಳೆ ಮುಖ ಊದಿಕೊಂಡರೆ ಮಂಟಪದಲ್ಲಿ ನಿಲ್ಲುವುದು ಹೇಗೆ?” ಎಂದು ಕಾರಣ ತಿಳಿಸಿ ನಿರಾಕರಿಸುವುದು ಗಿರಾಕಿಯನ್ನು ಕಳೆದುಕೊಳ್ಳುವ ಮಾತಲ್ಲ. ವಾರಕ್ಕೆ ಬಿಳುಪು ತರುವುದಾಗಿ ಹೇಳುವ, ತಯಾರಕರ ಹೆಸರಿಲ್ಲದ ಕ್ರೀಮುಗಳಿಗೂ ಇದೇ ಉತ್ತರ ಸಲ್ಲುತ್ತದೆ. ಅಂಥವುಗಳಲ್ಲಿ ಪಾದರಸ ಇರುವುದುಂಟು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಬಳಲುತ್ತಿದ್ದ ಕೆಲವರು ಬಿಳುಪಿನ ಕ್ರೀಮುಗಳನ್ನು ಬಳಸಿದ್ದುದು 2023ರಲ್ಲಿ ವೈದ್ಯರ ಗಮನಕ್ಕೆ ಬಂದಿತು.

ಕೆಲಸವನ್ನು ಕ್ರಮವಾಗಿ ಕಲಿಯಲು ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಕಾಸ್ಮೆಟಾಲಜಿಯ ಒಂದು ವರ್ಷದ ಶಿಕ್ಷಣವಿದೆ. ಹೆಚ್ಚು ಓದದವರಿಗೆ ಜನ ಶಿಕ್ಷಣ ಸಂಸ್ಥಾನಗಳಿವೆ. ಶ್ರಮಿಕ ವಿದ್ಯಾಪೀಠವೆಂಬ ಹೆಸರಿನಲ್ಲಿ ಇಂತಹ ಮೊದಲ ಸಂಸ್ಥೆ 1967ರಲ್ಲಿ ಮುಂಬಯಿಯ ವರ್ಲಿಯಲ್ಲಿಯೇ ಆರಂಭವಾಯಿತು.

ಇತ್ತೀಚೆಗೆ ಮೊಬೈಲಿನಲ್ಲಿ ಕರೆ ಪಡೆದು ಗ್ರಾಹಕರ ಮನೆಗೇ ಹೋಗಿ ಕೆಲಸ ಮಾಡುವ ಮಹಿಳೆಯರ ಸಂಖ್ಯೆ ಹೆಚ್ಚುತ್ತಿದೆ. ಅಪರಿಚಿತ ಮನೆಯಲ್ಲಿ ಕಿರುಕುಳವಾದರೆ ಅದು ತಮ್ಮ ಹಣೆಬರಹವೆಂದು ಸುಮ್ಮನಿರಬೇಕಾಗಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆ ಕುರಿತ 2013ರ ಅಧಿನಿಯಮದಲ್ಲಿ, ಉದ್ಯೋಗದ ನಿಮಿತ್ತ ಹೋದ ಜಾಗವೂ ಕೆಲಸದ ಸ್ಥಳವೇ. ಹತ್ತಕ್ಕಿಂತ ಕಡಿಮೆ ಜನರಿರುವ ಪಾರ್ಲರಿನವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ 3 ತಿಂಗಳೊಳಗೆ ಲಿಖಿತವಾಗಿ ದೂರು ಸಲ್ಲಿಸಬೇಕು. ಬರೆಯಲು ಬಾರದವರಿಗೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ.