ಗಸಗಸೆ ಪಾಯಸ: ಒಂದು ಲೋಟದಲ್ಲಿ ಎಷ್ಟು ಪುಷ್ಟಿ?

ದಾವಣಗೆರೆಯ ಶಾಮನೂರಿನಲ್ಲಿ ಹಬ್ಬಕ್ಕೆ ಗಸಗಸೆ ಪಾಯಸ ಮಾಡಹೊರಟವರಿಗೆ ಅಕ್ಕಿ, ತೆಂಗಿನಕಾಯಿ, ಹಾಲು ಇವೆಲ್ಲ ಭದ್ರಾ ನಾಲೆಯ ಆಸರೆಯ ಆಸುಪಾಸಿನಲ್ಲಿಯೇ ದೊರೆಯುತ್ತವೆ. ಗಸಗಸೆ ಮಾತ್ರ ದೂರದಿಂದ ಬರಬೇಕು. ಅದು ಅಫೀಮು ಗಿಡದ ಬೀಜ. ನಮ್ಮ ದೇಶದಲ್ಲಿ ಅದನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತಾದ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯ ಮೇಲೆ ಬೆಳೆಯುತ್ತಾರೆ, ತುರ್ಕಿಯಿಂದಲೂ ತರಿಸುತ್ತಾರೆ.

ಇಷ್ಟು ದೂರದಿಂದ ಬಂದ ಕಾಳಿನಲ್ಲಿ ಸತ್ವವೇನಿದೆ? 100 ಗ್ರಾಂ ಗಸಗಸೆಯಲ್ಲಿ ಸುಮಾರು 18 ಗ್ರಾಂ ಸಸಾರಜನಕ, 40 ಗ್ರಾಂ ಎಣ್ಣೆ, 1,400 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಅಷ್ಟೇ ತೂಕದ ಹಾಲಿನಲ್ಲಿರುವ ಕ್ಯಾಲ್ಸಿಯಂ 120 ಮಿಲಿಗ್ರಾಂ ಮಾತ್ರ. ಇದನ್ನು ಕಂಡು, ಗಸಗಸೆ ಹಾಲಿಗಿಂತ ಹತ್ತುಪಟ್ಟು ಮೇಲೆಂದು ಹೊಗಳುವವರಿದ್ದಾರೆ. ಆದರೆ ಪಾಯಸವನ್ನು ನಾವು ಕುಡಿಯುವುದು ಲೋಟದಲ್ಲಿ, ಪಟ್ಟಿಯ ಲೆಕ್ಕದಲ್ಲಿ ಅಲ್ಲವಷ್ಟೆ! ನಾಲ್ವರಿಗೆ ಎರಡು ದೊಡ್ಡ ಚಮಚ ಗಸಗಸೆ ಹಾಕಿದರೆ ಒಬ್ಬರ ಪಾಲಿಗೆ ಬರುವುದು ನಾಲ್ಕೈದು ಗ್ರಾಂ. ಅದರ ಕ್ಯಾಲ್ಸಿಯಂ 65 ಮಿಲಿಗ್ರಾಂನಷ್ಟು. ಅದರಲ್ಲಿಯೂ ಒಂದು ಭಾಗವನ್ನು ಕಾಳಿನ ಆಕ್ಸಲೇಟು, ಫೈಟೇಟುಗಳು ಹಿಡಿದಿಡುವುದರಿಂದ ದೇಹಕ್ಕೆ ದಕ್ಕದು. ಅದೇ ಲೋಟಕ್ಕೆ ಸೇರಿದ 100 ಮಿಲಿಲೀಟರು ಹಾಲು ಹೆಚ್ಚು ಕ್ಯಾಲ್ಸಿಯಂ ಕೊಡುತ್ತದೆ.

ಹಾಗಿದ್ದರೂ ಗಸಗಸೆಯ ಎಣ್ಣೆ ಒಳ್ಳೆಯದು; ಅದರ ಮುಕ್ಕಾಲು ಪಾಲಿನಷ್ಟು, ದೇಹ ತಾನಾಗಿ ತಯಾರಿಸಲಾರದ ಲಿನೋಲಿಕ್ ಆಮ್ಲ. ಕಾಯಿಯ ಕೊಬ್ಬು ಇದಕ್ಕೆ ವ್ಯತಿರಿಕ್ತ, ಬಹುಪಾಲು ಪರ್ಯಾಪ್ತವಾದದ್ದು. ಒಂದು ಗ್ರಾಂ ತೂಗಲು ಸುಮಾರು 3,000 ಕಾಳುಗಳು ಬೇಕು. ಇಷ್ಟು ಸಣ್ಣ ಕಾಳನ್ನು ಅರೆಯದೆ ನುಂಗಿದರೆ ಬಹಳಷ್ಟು ಜೀರ್ಣವಾಗದೆಯೇ ಹೊರಬೀಳುತ್ತದೆ. ನುಣ್ಣಗೆ ಅರೆದಾಗ ಎಣ್ಣೆಯ ಹನಿಗಳು ನೀರಿನಲ್ಲಿ ಹರಡಿ, ಅಕ್ಕಿಯ ಪಿಷ್ಟವೂ ಕೂಡಿ, ಪಾಯಸ ಕೆನೆಯಂತಾಗುತ್ತದೆ. ಬೆಲ್ಲ ಹಾಕಿದ ಮೇಲೆ ಕುದಿಯುವಾಗಲೇ ಹಾಲು ಹೊಯ್ದರೆ ಒಡೆದೀತು. ತುಸು ಆರಿದ ಮೇಲೆ ಸೇರಿಸುವ ಅಡುಗೆಮನೆಯ ರೂಢಿಗೆ ಬೆಲ್ಲದ ಆಮ್ಲವೇ ಕಾರಣ.

ಲೆಕ್ಕ ಹಾಕಿದರೆ ಒಂದು ಲೋಟ ಪಾಯಸದ ಶಕ್ತಿ 220 ಕ್ಯಾಲೊರಿಗಳ ಸುತ್ತಮುತ್ತ. ಅದರಲ್ಲಿ 95ರಷ್ಟು 25 ಗ್ರಾಂ ಬೆಲ್ಲದಿಂದಲೇ ಬಂದದ್ದು. ಬೆಲ್ಲದಲ್ಲಿ ಕೊಂಚ ಖನಿಜವಿದ್ದರೂ ಮಧುಮೇಹಿಗಳ ಮಟ್ಟಿಗೆ ಅದು ಸಕ್ಕರೆಯೇ.

ಪಾಯಸ ಕುಡಿದರೆ ನಿದ್ದೆ ಬರುತ್ತದೆಂಬ ಮಾತು ಮನೆಮನೆಯದು. ಅಫೀಮಿರುವುದು ಎಳೆಯ ಕಾಯಿಯ ಹಾಲಿನಲ್ಲಿ, ಬೀಜದೊಳಗೆ ಅಲ್ಲ. ಆದರೆ ಬಿಡಿಸುವಾಗ ಆ ಹಾಲು ಬೀಜದ ಮೈಗೆ ಅಂಟಬಹುದು. ಎಷ್ಟೆಂಬುದು ಒಂದು ಸರಕಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ತೊಳೆದು ಹುರಿದರೆ ಬಹುಮಟ್ಟಿಗೆ ತಗ್ಗುತ್ತದೆ. ಹೋಳಿಗೆಯೂಟದ ಬಳಿಕ ದೊಡ್ಡವರಿಗೆ ಬರುವ ತೂಕಡಿಕೆಗೆ ತುಂಬಿದ ಹೊಟ್ಟೆಯೇ ಸಾಕಷ್ಟು ಕಾರಣ. ಹಸುಗೂಸಿನ ಮಾತೇ ಬೇರೆ. ಮಗು ಮಲಗಲೆಂದು ಗಸಗಸೆ ಅರೆದು ಕುಡಿಸುವ ಪದ್ಧತಿಯನ್ನು ಪೂರ್ಣವಾಗಿ ಬಿಡಬೇಕು. ಮಾರ್ಫೀನಿನ ಅಲ್ಪಾಂಶವೂ ಎಳೆಯ ಕೂಸಿನ ಉಸಿರಾಟವನ್ನು ಕುಗ್ಗಿಸಬಲ್ಲುದು.

ದೊಡ್ಡವರಲ್ಲಿಯೂ ಗಸಗಸೆ ತಿಂದ ಮೇಲೆ ಮೂತ್ರಪರೀಕ್ಷೆಯಲ್ಲಿ ಮಾರ್ಫೀನು ಕಾಣಿಸಿಕೊಳ್ಳುವುದುಂಟು. ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಗಸಗಸೆಯನ್ನು ಒಯ್ಯುವುದೇ ನಿಷಿದ್ಧ. ಅಲ್ಲಿ ನೆಲೆಸಿದ ಮಕ್ಕಳಿಗೆ ಹಬ್ಬದ ಸಾಮಾನು ಕಟ್ಟಿಕೊಡುವವರು ಈ ಒಂದು ಪೊಟ್ಟಣವನ್ನು ಮನೆಯಲ್ಲಿಯೇ ಉಳಿಸಿಕೊಳ್ಳತಕ್ಕದ್ದು.