ಡಿಕ್ಕಿಯ ಮ್ಯಾಟ್ ಎತ್ತಿ ನೋಡು

ಸಾಸ್ತಾನ
ಆಸಾಡಿ ತಿಂಗಳು

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದ.

ನಿನ್ನಮ್ಮ ಫೋನ್ ಮಾಡಿದಾಗಿನಿಂದ ನನಗೆ ಸಮಾಧಾನವಿಲ್ಲ. ಹೊಸ ಕಾರಿಗೆಂದು ಶೋರೂಮಿಗೆ ಮುಂಗಡವನ್ನೂ ಕೊಟ್ಟು ಬಂದಿದ್ದೀಯಂತೆ. 9 ಲಕ್ಷ ಸಾಲ, 7 ವರ್ಷ. ಇದನ್ನು ಪತ್ರಿಕೆಗೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಎರಡನೇ ಮಾತಿಗೇ "ಆಯ್ತ್ ಮಾವ" ಅಂತ ಇಟ್ಟುಬಿಡುತ್ತೀಯ. ಅಲ್ಲದೆ ಇದೇ ಯೋಚನೆಯಲ್ಲಿರುವ ಹುಡುಗರು ಕೋಟದಲ್ಲಿ, ಹೆಮ್ಮಾಡಿಯಲ್ಲಿ, ಬೈಂದೂರಿನಲ್ಲಿ ಇನ್ನೂ ಇದ್ದಾರೆ. ಅವರೂ ಓದಲಿ.

ಹೊಸ ಕಾರು ಬೇಡ ಅಂತ ನಾನು ಹೇಳುವುದಿಲ್ಲ. ಎರಡೂ ಕಡೆಯ ಲೆಕ್ಕ ಮುಂದಿಡುತ್ತೇನೆ, ತೀರ್ಮಾನ ನಿನ್ನದು. 9 ಲಕ್ಷಕ್ಕೆ ಶೇಕಡಾ 9ರ ಬಡ್ಡಿ ಹಿಡಿದರೆ 84 ಕಂತು, ತಿಂಗಳಿಗೆ ಸುಮಾರು 14,500 ರೂಪಾಯಿ. ಬಡ್ಡಿಯೊಂದೇ 3 ಲಕ್ಷ ದಾಟುತ್ತದೆ. ಆ ಬಡ್ಡಿಯ ದುಡ್ಡಿಗೆ ಹಳೆಯ ಆಲ್ಟೊ ಎರಡು ಬರುತ್ತವೆ. ಎರಡೂ ಕಡೆಯ ಲೆಕ್ಕ ಮುಗಿಯಿತು.

ನೀನು ದಿನಾ ಹೋಗುವ ಮಣಿಪಾಲದಿಂದ ಬೆಳೆದ ಬ್ಯಾಂಕೊಂದು 1928ರಲ್ಲೇ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟ್ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ನಿನ್ನಜ್ಜ ಹಾಗೆ ಕೂಡಿಟ್ಟೇ ಮನೆಗೆ ಹಂಚು ಹೊದಿಸಿದ್ದು. 2020ರಲ್ಲಿ ಆ ಸಿಂಡಿಕೇಟ್ ಬ್ಯಾಂಕೇ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಅದರ ಜೊತೆ ಆ ಬುದ್ಧಿಯೂ ಹೋಯಿತೋ ಏನೋ, ಈಗ ದಿನಾ ಮೊಬೈಲಿಗೆ ಬರುವುದು ಸಾಲ ತಗೋ ಅನ್ನುವ ಮೆಸೇಜು.

ನಾನು ಕಾರಿನ ವಿಷಯ ಮಾತಾಡಲಿಕ್ಕೆ ಯಾರು ಅಂತ ನಿನಗೆ ಅನಿಸಬಹುದು. ಕೇಳು. ಹದಿನೇಳಕ್ಕೆ ಮುಂಬಯಿ ಬಸ್ಸು ಹತ್ತಿದವ ನಾನು. ಮಾಟುಂಗದ ಹೋಟೆಲೊಂದರಲ್ಲಿ ಲೋಟ ತೊಳೆಯುವುದರಿಂದ ಶುರು ಮಾಡಿ ಗಲ್ಲಾದವರೆಗೆ ಬಂದೆ. ಪದ್ಮಿನಿ ಕಾರು ಆಗ ಅಲ್ಲೇ ಕುರ್ಲಾದಲ್ಲಿ ತಯಾರಾಗುತ್ತಿತ್ತು; ನಾವೆಲ್ಲ ಫಿಯೆಟ್ ಅಂತಲೇ ಕರೆಯುತ್ತಿದ್ದೆವು. ಹೊಸದು ಬೇಕಾದವರು ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾಯುವ ತಾಳ್ಮೆಯೂ ಕಟ್ಟುವ ದುಡ್ಡೂ ನನ್ನ ಹತ್ತಿರ ಇರಲಿಲ್ಲ. ಊರಿಗೆ ಹೊರಟು ನಿಂತಾಗ ನಮ್ಮ ಯಜಮಾನರು ತಮ್ಮ ಹಳೇ ಫಿಯೆಟ್ಟನ್ನು ಸಂಬಳದ ಬಾಕಿಗೆ ಹೊಂದಿಸಿ ಕೊಟ್ಟರು. ಅವರಿಗೂ ಲಾಭ, ನನಗೂ ಲಾಭ.

ಪನ್ವೇಲ್, ಮಹಾಡ್, ಸಾವಂತವಾಡಿ, ಗೋವಾ ದಾಟಿ ನಾನೇ ಓಡಿಸಿಕೊಂಡು ಬಂದೆ. 2024ರ ಆಗಸ್ಟಿನಲ್ಲಿ ಕುಸಿದುಬಿತ್ತಲ್ಲ, ಕಾರವಾರದ ಆ ಕಾಳಿ ಸೇತುವೆಯ ಮೇಲೆ ಬರುವಾಗ ಊರೇ ಕಂಡ ಹಾಗಾಯಿತು. 1089 ಸಿಸಿ ಇಂಜಿನ್, ಸ್ಟಿಯರಿಂಗಿನ ಬುಡದಲ್ಲೇ ಗೇರಿನ ಕೋಲು, ಚಳಿಗೆ ಚೋಕ್ ಎಳೆಯಬೇಕು. ಏಸಿ ಎಂತದ್ದೂ ಇಲ್ಲ, ಕಿಟಕಿಯೇ ಏಸಿ. ಸಾಸ್ತಾನ ಪೇಟೆಯಲ್ಲಿ ನಿಲ್ಲಿಸಿದಾಗ ಅಂಗಡಿಯಿಂದ ಒಬ್ಬರು ಕೂಗಿದರು: "ಯಾರ್ ಕಾರ್ ಮಾರಾಯ ಇದ್?" ನಂದೇ ಅಂದೆ. ಆ ಒಂದು ಮಾತಿನ ಸುಖ ನಿನ್ನ 84 ಕಂತಿನಲ್ಲಿ ಸಿಗುತ್ತದೆಯಾ ಅಂತ ಕೇಳುವುದಿಲ್ಲ. ಕೇಳಬೇಕು ಅನಿಸುತ್ತದೆ, ಅಷ್ಟೇ.

ಮಂದಾರ್ತಿ ಮೇಳದ ಹರಕೆ ಯಕ್ಷಗಾನದ ಆಟಕ್ಕೆ ಹಿಡಿದಷ್ಟು ಜನ ತುಂಬಿಕೊಂಡು ಹೋಗಿ ಬೆಳಿಗ್ಗೆ ಕಣ್ಣುಜ್ಜುತ್ತ ಬಂದದ್ದು ಅದರಲ್ಲೇ. ಕುಚ್ಚಲಕ್ಕಿ ಮುಡಿ, ನೆಲಗಡಲೆ ಮೂಟೆ, ಒಮ್ಮೆ ಒಂದು ಕರು, ಎಲ್ಲ ಅದರಲ್ಲೇ. ನಿನ್ನಮ್ಮನ ಮದುವೆಗೆ ತೀರ್ಥಹಳ್ಳಿಗೆ ಹೊರಟವರು ಆಗುಂಬೆ ಘಾಟಿಯ ನಡುವೆ ನಿಂತೆವು. ಕಾವಿಗೆ ಪೆಟ್ರೋಲು ಪೈಪಿನೊಳಗೇ ಆವಿಯಾಗಿತ್ತು. ನಿನ್ನಜ್ಜಿ ಮಾತಿಲ್ಲದೆ ಇಳಿದು, ಮದುಮಗಳಿಗೆಂದು ತಂದ ಶಾಲನ್ನೇ ತೊರೆಯಲ್ಲಿ ಅದ್ದಿ ಪೆಟ್ರೋಲ್ ಪಂಪಿಗೆ ಸುತ್ತಿದರು. ಸ್ವಲ್ಪ ಹೊತ್ತಿಗೆ ಇಂಜಿನ್ ಹೊರಟಿತು. ಮುಹೂರ್ತ ತಪ್ಪಲಿಲ್ಲ. ಆ ಶಾಲಿನ ಪೆಟ್ರೋಲು ವಾಸನೆ ಮಾತ್ರ ಹೋಗಲಿಲ್ಲ, ನಿನ್ನಮ್ಮನನ್ನೇ ಕೇಳು.

ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ 30ರಂದು ರಸ್ತೆ ಬಿಟ್ಟಿತು ಅಂತ ಟಿ.ವಿ.ಯಲ್ಲಿ ತೋರಿಸಿದ ದಿನ ನನಗೆ ಊಟ ಸೇರಲಿಲ್ಲ. ನನ್ನದು ಅದಕ್ಕಿಂತ ಎಷ್ಟೋ ಮೊದಲೇ ಹೋಗಿತ್ತು. ಇಂಜಿನ್ ಸತ್ತು ಹೋದದ್ದಲ್ಲ. ನೆಲ ಸತ್ತದ್ದು. ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿದರೆ ಕೆಳಗೆ ರಸ್ತೆ ಓಡುವುದು ಕಾಣುತ್ತಿತ್ತು.

ನಿನಗೆ ಹೇಳಬೇಕಾದ ಮುಖ್ಯ ಮಾತು ಇದೇ. ನಮ್ಮ ಕಡೆ ಕಾರನ್ನು ಕೊಲ್ಲುವುದು ಕಿಲೋಮೀಟರಲ್ಲ, ಉಪ್ಪು. ಒಂದು ಬದಿಗೆ ಕೋಡಿ ಕಡಲಿನ ಗಾಳಿ, ಮೇಲಿಂದ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಹಳೇ ಕಾರು ನೋಡಲು ಹೋದವರೆಲ್ಲ ಬಾನೆಟ್ ಎತ್ತಿ ಇಂಜಿನಿಗೆ ಕಿವಿ ಕೊಡುತ್ತಾರೆ. ಇಂಜಿನ್ ಬೇಕಾದರೆ ಬಿಚ್ಚಿ ಕಟ್ಟಬಹುದು, ತುಕ್ಕು ಹಿಡಿದ ಬಾಡಿಗೆ ಮದ್ದಿಲ್ಲ. ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಬ್ಯಾಟರಿ ಕೂರುವ ತಟ್ಟೆ, ಜಾಕ್ ಕೊಡುವ ಜಾಗ, ಇವನ್ನು ಬೆರಳಿನಿಂದ ಒತ್ತಿ ನೋಡು. ಕಿಸೆಯಲ್ಲಿ ಒಂದು ಆಯಸ್ಕಾಂತ ಇರಲಿ. ಪುಟ್ಟಿ ಮೆತ್ತಿ ಬಣ್ಣ ಬಳಿದ ಕಡೆ ಅದು ಅಂಟುವುದಿಲ್ಲ. ಕಾರಿನ ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಸಂಶಯಪಡು. ಡಿಕ್ಕಿಯ ಮ್ಯಾಟ್ ಎತ್ತಿ ಮೂಸು. ಮೀನಿನ ವಾಸನೆ ಬಂದರೆ ಅಲ್ಲಿಂದಲೇ ವಾಪಸ್ ಬಾ, ಐಸು ಕರಗಿದ ಉಪ್ಪುನೀರು ಆ ತಗಡನ್ನು ಆಗಲೇ ತಿಂದಿರುತ್ತದೆ.

ಬೆಂಗಳೂರು, ಹಾಸನದ ಕಡೆ ಓಡಿದ ಕಾರು ಸಿಕ್ಕಿದರೆ ಎರಡು ಕಾಸು ಹೆಚ್ಚು ಕೊಟ್ಟಾದರೂ ತೆಗೆದುಕೋ. ದೆಹಲಿಯ ಕಾರು ಅಗ್ಗ ಅಂತ ಯಾರಾದರೂ ಹೇಳಿದರೆ ಹೂಂಗುಟ್ಟಬೇಡ. ಅಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳಿಗೆ ನಿಷೇಧ ಬಂದದ್ದರಿಂದಲೇ ಅಗ್ಗ. ನಿರಾಕ್ಷೇಪಣಾ ಪತ್ರ ತಂದು, ನಮ್ಮ ರಾಜ್ಯದ ತೆರಿಗೆ ಕಟ್ಟಿ ಮುಗಿಯುವಾಗ ಅಗ್ಗ ಎಲ್ಲಿಗೋ ಹೋಗಿರುತ್ತದೆ.

ಮತ್ತೆ, ನೋಡುವುದಿದ್ದರೆ ಈಗಲೇ ನೋಡು. ಆಸಾಡಿಯಲ್ಲಿ ವಾಹನ ಕೊಳ್ಳುವವರು ಕಡಿಮೆ, ಮಾರುವವ ಮಾತಿಗೆ ಬಗ್ಗುತ್ತಾನೆ. ಮಳೆಗೆ ಯಾವ ಬೀಡಿಂಗ್ ಸೋರುತ್ತದೆ, ಯಾವ ಸೀಟಿಗೆ ಬೂಷ್ಟು ಹಿಡಿದಿದೆ ಅಂತ ಕಾರೇ ಹೇಳುತ್ತದೆ. ಶುಭ ದಿನ ನೋಡಿ ಬಿಸಿಲಿನಲ್ಲಿ ತೊಳೆದು ನಿಲ್ಲಿಸಿದ ಕಾರು ಕೊಂಡವರ ಕಥೆ ಜೂನ್ ತಿಂಗಳಲ್ಲಿ ಕೇಳಬೇಕು.

ಕಾಗದಪತ್ರ ನಿನಗೇ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ; ಆಮೇಲೆ ಐದೈದು ವರ್ಷಕ್ಕೆ ನವೀಕರಣ. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲಿನಲ್ಲೇ 5000ಕ್ಕೆ ಏರಿತು, ಚೌಕಾಸಿ ಮಾಡುವಾಗ ನೆನಪಿರಲಿ. ಫಾರಂ 29, 30ಕ್ಕೆ ಸಹಿ ಆಗದೆ ಪೂರ್ತಿ ಹಣ ಕೊಡಬೇಡ. ಹಳೇ ಮಾಲೀಕನ ಫಾಸ್ಟ್ಯಾಗ್ ಮುಚ್ಚಿಸು. ಟೋಲ್ ಗೇಟ್ ಮನೆ ಬುಡದಲ್ಲೇ ಇರುವ ಊರು ನಮ್ಮದು. ಸ್ಥಳೀಯರ ವಿನಾಯಿತಿಗೆ ಹೋರಾಟ ಮಾಡಿದವರೊಡನೆ ನಾನೂ ಮಳೆಯಲ್ಲಿ ನಿಂತವ, ಬೇರೆಯವರ ಹೆಸರಿನ ಟ್ಯಾಗ್ ಹಿಡಿದು ಅಲ್ಲಿ ವಾದಕ್ಕೆ ನಿಲ್ಲಬೇಡ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲು. ಹಳೇ ಕಾರಿನ ರಬ್ಬರ್ ಪೈಪು, ವಾಷರು ಅದಕ್ಕೆಂದು ಮಾಡಿದ್ದಲ್ಲ. ಮೊದಲ ಸರ್ವೀಸಿನಲ್ಲೇ ನೋಡಿಸಿ ಬದಲಿಸು.

ಹಳೇ ಕಾರು ಕೆಡುವುದಿಲ್ಲವಾ ಅಂತ ಕೇಳುತ್ತೀಯ. ಕೆಡುತ್ತದೆ. ಮಾರುತಿ 800 ಅನ್ನು 1983ರಿಂದ 2014ರ ಜನವರಿವರೆಗೆ ಮಾಡಿದರು; ಅದರ ಸಾಮಾನು ಬಾರ್ಕೂರಿನ ಗ್ಯಾರೇಜಿನವನೂ ಕಣ್ಣುಮುಚ್ಚಿ ಹಾಕುತ್ತಾನೆ. ಅಗಲ 1.44 ಮೀಟರ್. ನಮ್ಮ ಮನೆಯ ಓಣಿ ನೆನಪಿದೆಯಲ್ಲ, ಎರಡೂ ಕಡೆ ಕೆಂಪುಕಲ್ಲಿನ ಪಾಗಾರ? ನಿನ್ನ ದೊಡ್ಡ ಕಾರು ಅಲ್ಲಿ ಸಿಕ್ಕಿಬೀಳುತ್ತದೆ. ಕನ್ನಡಿ ಮಡಚಿ, ಉಸಿರು ಹಿಡಿದು ಬಂದು, ಒಂದು ಗೀರು ಬಿದ್ದರೆ ರಾತ್ರಿಯಿಡೀ ನಿದ್ದೆಗೆಡುತ್ತೀಯ. ಗೀರಿಗೆ ಹೆದರದೆ ಓಡಿಸುವುದೇ ಹಳೇ ಕಾರಿನ ಸುಖ. ಹಂಗಾರಕಟ್ಟೆ ದಕ್ಕೆಯಲ್ಲಿ ನಿಲ್ಲಿಸಿ ಚಾ ಕುಡಿ, ಮರವಂತೆಯಲ್ಲಿ ಮರಳುಕಾಲಿನಲ್ಲೇ ಹತ್ತಿ ಕೂರು, ಯಾರು ಕೇಳುತ್ತಾರೆ?

ಏರ್‌ಬ್ಯಾಗ್ ವಿಷಯ ನಿನ್ನಮ್ಮ ಎತ್ತಿದಳು. ಅದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರವಿಲ್ಲ. ಚತುಷ್ಪಥ ಆದಮೇಲೆ ಹೆದ್ದಾರಿ 66ರಲ್ಲಿ ಹೋಗುವವರ ವೇಗ ನೋಡಿದರೆ ನನಗೂ ಎದೆ ಡವಗುಡುತ್ತದೆ; ಹಳೆಯ 800ರಲ್ಲಿ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ ಇಲ್ಲ. ಆದರೆ ನೂರಿಪ್ಪತ್ತರಲ್ಲಿ ಹೋಗು ಅಂತ ಯಾರು ಹೇಳಿದ್ದು? ಮಾಬುಕಳ ಸೇತುವೆಯ ಮೇಲೆ ನೀನು ಬೈಕ್ ಓಡಿಸಿದ್ದನ್ನು ಕಂಡವರಿದ್ದಾರೆ. ಬುದ್ಧಿ ಕಾಲಿನಲ್ಲಿದ್ದರೆ ಆರು ಏರ್‌ಬ್ಯಾಗ್ ಇದ್ದರೂ ಅಷ್ಟೇ. ಇನ್ನೊಂದು, ಸಿಟ್ಟು ಮಾಡಬೇಡ: ನಿನಗೆ ದೊಡ್ಡ ಕಾರು ಬೇಕಾದದ್ದು ಮಣಿಪಾಲಕ್ಕೆ ಹೋಗಲಿಕ್ಕಲ್ಲ, ಹೆಣ್ಣು ನೋಡಲು ಹೋದಲ್ಲಿ ಅಂಗಳದಲ್ಲಿ ನಿಲ್ಲಿಸಲಿಕ್ಕೆ. ಕಾರು ನೋಡಿ ಹೆಣ್ಣು ಕೊಡುವವರ ಮನೆಗೆ ನಾನಂತೂ ಬರುವುದಿಲ್ಲ.

ಹೆಚ್ಚು ಹೇಳಿದೆನೇನೋ. ನಿನ್ನಪ್ಪ ಇದ್ದಿದ್ದರೆ ಇಷ್ಟು ಬರೆಯುವ ಕೆಲಸ ನನಗೆ ಬರುತ್ತಿರಲಿಲ್ಲ. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ, ನನಗೆ ಕೊಡೆ ತಂದವ ನೀನು. ದುಡ್ಡಿನ ಬೆಲೆ ಗೊತ್ತಿಲ್ಲದವ ಅಂತ ನಾನು ಅಂದುಕೊಂಡಿಲ್ಲ.

ಬ್ರಹ್ಮಾವರದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಆಲ್ಟೊ ಇದೆ. 2019ರ ಕೊನೆಯದು, ಹಾಗಾಗಿ ಡ್ರೈವರ್ ಏರ್‌ಬ್ಯಾಗ್, ಎಬಿಎಸ್ ಎರಡೂ ಇವೆ. ನನ್ನ ಲೆಕ್ಕದಲ್ಲಿ ಅದು ಹಳೇ ಕಾರೇ ಅಲ್ಲ, ಆದರೂ ನಿನ್ನಮ್ಮನಿಗಾಗಿ ಒಪ್ಪಿದ್ದೇನೆ. ಡಿಕ್ಕಿ ಮೂಸಿ ಆಗಿದೆ, ಹಳೇ ಪುಸ್ತಕದ ವಾಸನೆ ಮಾತ್ರ. ಶನಿವಾರ ಮಧ್ಯಾಹ್ನದೊಳಗೆ ಹೇಳುತ್ತೇನೆ ಅಂದಿದ್ದೇನೆ. ಅಷ್ಟರೊಳಗೆ ಶೋರೂಮಿನಿಂದ ಮುಂಗಡ ವಾಪಸ್ ಕೇಳು. ಕೊಡಲು ತಕರಾರು ಮಾಡಿದರೆ ನನಗೆ ಫೋನ್ ಮಾಡು, ನಾನೇ ಬಸ್ಸು ಹತ್ತಿ ಬರುತ್ತೇನೆ.

ಇಂತಿ,
ನಿನ್ನ ಮಾವ