ಆಪತ್ತಿಗೆ ಆಸರೆಯಾದ ಶಾಲೆ

1923ರ ಸೆಪ್ಟೆಂಬರ್ 1ರಂದು ನಡುಹಗಲು, ಹನ್ನೆರಡು ಗಂಟೆಗೆ 2 ನಿಮಿಷವಿರುವಾಗ, ಜಪಾನಿನ ಟೋಕಿಯೋ ನಗರವು ಭೂಕಂಪಕ್ಕೆ ತುತ್ತಾಯಿತು. ಅಡುಗೆಯ ಒಲೆಗಳು ಉರಿಯುತ್ತಿದ್ದ ಹೊತ್ತು, ಮರದ ಮನೆಗಳು, ಬಿರುಸಾದ ಗಾಳಿ. ಕಂಪನಕ್ಕಿಂತ ಕಿಚ್ಚೇ ಹೆಚ್ಚು ಜನರನ್ನು ಆಹುತಿಗೊಂಡಿತು. ಹೊಂಜೊ ಬಯಲಿಗೆ ಓಡಿಬಂದವರು ಹೊತ್ತುತಂದ ಸಾಮಾನುಗಳಿಗೇ ಬೆಂಕಿ ತಗುಲಿ, ಅಲ್ಲಿ ಸುಮಾರು 38,000 ಜನರು ಮಡಿದರು. ಬರಿಯ ಬಯಲು ಆಶ್ರಯವಾಗದೆಂಬುದನ್ನು ನಗರವು ಅರಿತಿತು.

ಪುನರ್ನಿರ್ಮಾಣದಲ್ಲಿ ಪ್ರಾಥಮಿಕ ಶಾಲೆಗಳನ್ನು ಕಾಂಕ್ರೀಟಿನಿಂದ ಕಟ್ಟಿ, ಅವುಗಳಲ್ಲಿ 52ರ ಮಗ್ಗುಲಿಗೆ ಮರಗಳುಳ್ಳ ಕಿರು ಉದ್ಯಾನಗಳನ್ನು ರಚಿಸಲಾಯಿತು. 1960ರಲ್ಲಿ ಸೆಪ್ಟೆಂಬರ್ 1ನ್ನು ವಿಪತ್ತು ನಿವಾರಣಾ ದಿನವೆಂದು ಗೊತ್ತುಪಡಿಸಲಾಯಿತು. ಅಂದು ಕಿರಿಯರೂ ಹಿರಿಯರೂ ಕೂಡಿ ಪಾರಾಗುವ ಅಭ್ಯಾಸವನ್ನು ಮಾಡುತ್ತಾರೆ.

ಶಾಲೆಯು ಅಕ್ಷರದ ಮನೆ ಮಾತ್ರವಲ್ಲ, ಆಪತ್ಕಾಲದಲ್ಲಿ ಊರಿಗೇ ಆಸರೆ. ಆದುದರಿಂದ ಅದರ ಗೋಡೆಯನ್ನು ಭದ್ರಪಡಿಸುವುದೂ ಅಂಗಳದಲ್ಲಿ ಮರ ಬೆಳೆಸುವುದೂ ದಾಸೋಹವೇ ಸರಿ.